ಬೃಂದಾವನದ ಒಡೆಯರು ಯಾರು?

ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವನ್ನು ವಿಶ್ವದರ್ಜೆಗೆ ಏರಿಸುವ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಅಂದಾಜು ಮೊತ್ತ ಸುಮಾರು 2,663 ಕೋಟಿ ರೂಪಾಯಿ. ಸರ್ಕಾರಿ-ಖಾಸಗಿ ಸಹಭಾಗಿತ್ವ, ಅಂದರೆ ಪಿಪಿಪಿ ಮಾದರಿ. ಅಂದಿನಿಂದ ವಾದಗಳು ನಡೆದೇ ಇವೆ. ಸರ್ಕಾರದ ಕಡೆಯವರು ಹೇಳುವುದು: ಉದ್ಯಾನ ಹಳತಾಗಿದೆ, ಈ ಕಾಲದ ಪ್ರವಾಸಿಗರಿಗೆ ಬರೀ ಹೂಗಿಡ ಮತ್ತು ಕಾರಂಜಿ ಸಾಲದು, ಮನರಂಜನಾ ಪಾರ್ಕು ಬೇಕು, ಅದಕ್ಕೆ ದೊಡ್ಡ ಬಂಡವಾಳ ಬೇಕು. ಮಂಡ್ಯದ ರೈತ ಸಂಘಟನೆಗಳು ಹೇಳುವುದು: ಕನ್ನಂಬಾಡಿ ಕಟ್ಟೆಯ ಬುಡದಲ್ಲಿ ಇಂಥ ಆಟ ಬೇಡ. 2025ರಲ್ಲಿ ಬೀದಿಗಿಳಿದು ಪ್ರತಿಭಟನೆ ನಡೆಯಿತು, ವಿಷಯ ಹೈಕೋರ್ಟಿಗೂ ಹೋಯಿತು.

ಈ ಎರಡು ವಾದಗಳ ನಡುವೆ ಒಂದು ಸಣ್ಣ ಪ್ರಶ್ನೆ ಕಳೆದುಹೋಗಿದೆ. ಬೃಂದಾವನ ಸೊರಗಿದ್ದು ದೊಡ್ಡ ಬಂಡವಾಳ ಇಲ್ಲದ್ದರಿಂದಲೇ? ಅಥವಾ ದಿನನಿತ್ಯದ ಸಣ್ಣ ಖರ್ಚನ್ನು ಅದರ ಒಡೆಯರು ಮಾಡದೆ ಬಿಟ್ಟದ್ದರಿಂದಲೇ? ಕೇಳಲು ಇವೆರಡೂ ಒಂದೇ ಅನ್ನಿಸಬಹುದು. ಆದರೆ ಮನೆ ಕಟ್ಟಿದವರಿಗೆಲ್ಲ ಗೊತ್ತಿರುವ ಹಾಗೆ ಸೋರುವ ಹೆಂಚನ್ನು ಆಯಾ ವರ್ಷ ಬದಲಿಸುವುದೇ ಬೇರೆ, ಇಪ್ಪತ್ತು ವರ್ಷ ಸೋರಲು ಬಿಟ್ಟು ಮನೆಯನ್ನೇ ಕೆಡವಿ ಮಾಳಿಗೆ ಎತ್ತಿಸುತ್ತೇನೆನ್ನುವುದೇ ಬೇರೆ. ಬೃಂದಾವನದ ವಿಷಯದಲ್ಲಿ ನಮ್ಮ ಸರ್ಕಾರಗಳು, ಯಾವ ಪಕ್ಷದವೇ ಆಗಿರಲಿ, ಎರಡನೆಯ ದಾರಿಯನ್ನೇ ಹಿಡಿದಿವೆ ಎಂಬುದು ಈ ಲೇಖನದ ತಕರಾರು.

ಮೊದಲಿಗೆ ಒಡೆಯರು ಯಾರೆಂದು ನೋಡೋಣ. ಮೈಸೂರು ಒಡೆಯರ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಈಗ ಹುಡುಕಬೇಕು. ಜಾಗ ಮತ್ತು ನೀರು ಕಾವೇರಿ ನೀರಾವರಿ ನಿಗಮದ್ದು. ಈ ನಿಗಮ ಹುಟ್ಟಿದ್ದೇ 2003ರಲ್ಲಿ, ನಾಲೆ ಮತ್ತು ಅಣೆಕಟ್ಟೆಗಳ ಕೆಲಸಕ್ಕಾಗಿ. ಗಿಡ, ಹುಲ್ಲುಹಾಸು, ಹೂವಿನ ಪಾತಿ ತೋಟಗಾರಿಕೆ ಇಲಾಖೆಯ ಕೆಲಸ. ಪ್ರವಾಸಿಗರನ್ನು ಕರೆದು ತರುವುದು ಪ್ರವಾಸೋದ್ಯಮ ಇಲಾಖೆಯ ಜವಾಬ್ದಾರಿ. ಮೀನುಮನೆ ಮೀನುಗಾರಿಕೆ ಇಲಾಖೆಯದು. ಅಣೆಕಟ್ಟೆಯ ಕಾವಲು ಪೊಲೀಸರದು. ಹಳೆಯ ಹೋಟೆಲ್ ಕಟ್ಟಡ ಖಾಸಗಿಯವರಿಗೆ ಗುತ್ತಿಗೆಗೆ ಹೋದದ್ದೂ ಉಂಟು. ಒಂದು ಕಾರಂಜಿ ನಿಂತುಹೋದರೆ ಅದು ನೀರಿನ ಸಮಸ್ಯೆಯೋ, ಪಂಪಿನ ಸಮಸ್ಯೆಯೋ, ವಿದ್ಯುತ್ತಿನ ಸಮಸ್ಯೆಯೋ ಎಂದು ತೀರ್ಮಾನವಾಗುವಷ್ಟರಲ್ಲಿ ಅದರ ತೊಟ್ಟಿಯಲ್ಲಿ ಪಾಚಿ ಕಟ್ಟಿರುತ್ತದೆ. ನೀರಾವರಿ ಎಂಜಿನಿಯರನ ಕಣ್ಣಿಗೆ ಉದ್ಯಾನವೆಂದರೆ ಅಣೆಕಟ್ಟೆಗೆ ಅಂಟಿಕೊಂಡ ಒಂದು ತಲೆನೋವು. ತೋಟಗಾರಿಕೆಯವನ ಕಣ್ಣಿಗೆ ಅದು ತನ್ನದಲ್ಲದ ಜಾಗದಲ್ಲಿ ತಾನು ಮಾಡಬೇಕಾದ ಚಾಕರಿ. ಇಬ್ಬರನ್ನೂ ಪೂರ್ತಿ ದೂರುವಂತಿಲ್ಲ. ನಿಗಮದ ಒಂದು ರೂಪಾಯಿ ನಾಲೆಗೆ ಹೋಗಬೇಕೋ ಗುಲಾಬಿ ಪಾತಿಗೆ ಹೋಗಬೇಕೋ ಎಂದರೆ ಮಂಡ್ಯದ ಯಾವ ರೈತನೂ ಗುಲಾಬಿ ಎನ್ನಲಾರ.

ಆದರೆ ಈ ಉದ್ಯಾನ ಹುಟ್ಟಿದಾಗ ನಾಲೆ ಬೇರೆ, ಗುಲಾಬಿ ಬೇರೆ ಆಗಿರಲಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದಾಗ. ಸಿಮೆಂಟಿಲ್ಲದೆ ಸುಣ್ಣ ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದ ಈ ಕಟ್ಟೆ ಪೂರ್ತಿಯಾಗಲು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ವಿಶ್ವೇಶ್ವರಯ್ಯ ದಿವಾನರಾಗಿ, 1918ರಲ್ಲಿ ಹುದ್ದೆಯಿಂದ ಇಳಿದೂ ಆಗಿತ್ತು. 1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲ್ ಕಟ್ಟೆಯ ಕೆಳಗಿನ ಇಳಿಜಾರನ್ನು ಕಂಡು ಅಲ್ಲೊಂದು ಉದ್ಯಾನ ಮಾಡಲು ಹೊರಟರು. 1927ರಲ್ಲಿ ಕೆಲಸ ಹಿಡಿದು 1932ಕ್ಕೆ ಮುಗಿಸಿದರು. ಸುಮಾರು 60 ಎಕರೆ. ಕಾಶ್ಮೀರದ ಶಾಲಿಮಾರ್ ಇದಕ್ಕೆ ಪ್ರೇರಣೆ ಎನ್ನುತ್ತಾರೆ. ಜಹಾಂಗೀರ್ 1619ರಲ್ಲಿ ಮಾಡಿಸಿದ ಆ ತೋಟದಲ್ಲಿರುವಂತೆ ಇಲ್ಲಿಯೂ ನೆಲ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಡುವೆ ನೀರಿನ ಕಾಲುವೆ, ಅದರ ಎರಡೂ ಪಕ್ಕ ಸರಿಸಮವಾದ ಪಾತಿಗಳು, ಅಲ್ಲಲ್ಲಿ ಕಾರಂಜಿ. ಗಿಡಮರಗಳ ಯೋಜನೆಗೆ ಜರ್ಮನಿಯಿಂದ ಬಂದು ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಕ್ರುಂಬಿಗಲ್ ಇದ್ದರು. ಹೀಗೆ ಇರಾನಿನ ಶಿರಾಜ್ ಮೂಲದ ಕುಟುಂಬದ ಒಬ್ಬ ಮುಸ್ಲಿಂ ದಿವಾನ, ಒಬ್ಬ ಜರ್ಮನ್ ತೋಟಗಾರ, ಒಬ್ಬ ಒಡೆಯರ್ ಮಹಾರಾಜ ಸೇರಿ ಮಾಡಿದ ಪರ್ಷಿಯನ್ ಶೈಲಿಯ ತೋಟಕ್ಕೆ ಕೃಷ್ಣ ಆಡಿದ ವನದ ಹೆಸರು ನಿಂತಿತು. ಇದನ್ನು ಸೌಹಾರ್ದದ ಭಾಷಣಗಳಲ್ಲಿ ಬಹಳ ಸಲ ಬಳಸಿಯಾಗಿದೆ, ಹೆಚ್ಚು ಎಳೆಯುವುದಿಲ್ಲ. ಆದರೆ ಆ ಭಾಷಣ ಮಾಡಿದವರಲ್ಲಿ ಎಷ್ಟು ಜನ ಇಲ್ಲಿನ ಮಾಲಿಗಳ ಸಂಬಳದ ಬಗ್ಗೆ ಕೇಳಿದ್ದಾರೋ ತಿಳಿಯದು.

ಮಿರ್ಜಾ ಮಾಡಿದ್ದರ ವಿಶೇಷ ಇರುವುದು ಲೆಕ್ಕದಲ್ಲಿ. ಆ ಇಳಿಜಾರಿನಲ್ಲಿ ನೀರು ಮೇಲಿನಿಂದ ಕೆಳಗೆ ತಾನಾಗಿ ಹರಿಯುತ್ತದೆ. ನೀರಿಗೆ ಕಟ್ಟೆ ಇತ್ತು. ದೀಪಕ್ಕೆ ಶಿವನಸಮುದ್ರದ ವಿದ್ಯುತ್ತಿತ್ತು. 1902ರಿಂದ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿದ್ದ ಆ ವಿದ್ಯುತ್ತಿಗೆ ವರ್ಷವಿಡೀ ನೀರು ಸಿಗಲಿ ಎಂಬುದೂ ಕನ್ನಂಬಾಡಿ ಕಟ್ಟಲು ಒಂದು ಕಾರಣವಾಗಿತ್ತು. ಅದೇ ನೀರು ನಾಲೆಯಲ್ಲಿ ಹರಿದು ಮಂಡ್ಯದಲ್ಲಿ ಕಬ್ಬು ಬೆಳೆಯಿತು. 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅಂದರೆ ಉದ್ಯಾನ ಪ್ರತ್ಯೇಕವಾದ ಒಂದು ಶೋಕಿಯಾಗಿರಲಿಲ್ಲ. ನಾಲೆ, ವಿದ್ಯುತ್ತು, ಸಕ್ಕರೆ ಇವುಗಳ ಪಕ್ಕದಲ್ಲಿ, ಇವುಗಳಿಂದಲೇ ಒಂದಿಷ್ಟು ಪಾಲು ಪಡೆದು ಬದುಕುವ ಹಾಗೆ ಅದನ್ನು ಇಟ್ಟಿದ್ದರು. ಅದೂ ಯಾವ ಕಾಲ? ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ಕಾಲ. ಹೊಲದ ಫಸಲಿಗೆ ಬೆಲೆ ಇಲ್ಲದಾಗ ದಿವಾನರು ದೀಪದ ಕಂಬ, ಕಾರಂಜಿ, ಸರ್ಕಲ್ಲು ಎಂದು ಓಡಾಡುತ್ತಾರೆಂಬ ಟೀಕೆಯನ್ನು ಮಿರ್ಜಾ ಕೇಳಬೇಕಾಗಿ ಬಂತು. ಆ ಟೀಕೆಯಲ್ಲಿ ಸತ್ಯಾಂಶವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವರ ಬಗ್ಗೆ ಹಳಬರು ಹೇಳುವ ಇನ್ನೊಂದು ಮಾತನ್ನೂ ಪಕ್ಕದಲ್ಲಿಡಬೇಕು: ಬೆಳಗ್ಗೆ ಕುದುರೆ ಹತ್ತಿ ಊರು ಸುತ್ತುವುದು, ಕಸ ಕಂಡಲ್ಲಿ ನಿಲ್ಲುವುದು, ಕೆಟ್ಟ ದೀಪ ಕಂಡರೆ ಸಂಬಂಧಪಟ್ಟವನನ್ನು ಕರೆಸುವುದು. ಕಟ್ಟುವುದರಷ್ಟೇ ಕಾಯುವುದೂ ಆಡಳಿತವೆಂದು ಅವರು ತಿಳಿದಿದ್ದರು. 1941ರಲ್ಲಿ ಅವರು ದಿವಾನಗಿರಿ ಬಿಟ್ಟ ಮೇಲೆ ಕಟ್ಟುವವರು ಬಹಳ ಜನ ಬಂದರು.

ಮುಂದಿನ ಮೂರು ನಾಲ್ಕು ದಶಕ ಬೃಂದಾವನಕ್ಕೆ ಖ್ಯಾತಿ ತಂದದ್ದು ಸಿನೆಮಾ. ಕನ್ನಡ, ತಮಿಳು, ತೆಲುಗು, ಹಿಂದಿ ಎನ್ನದೆ ನಾಯಕ ನಾಯಕಿಯರು ಈ ಮೆಟ್ಟಿಲುಗಳ ಮೇಲೆ ಓಡಿದರು. ದೇಶದ ಮೂಲೆಯಲ್ಲಿ ಮೈಸೂರಿನ ಹೆಸರು ಕೇಳದವನೂ ಈ ಕಾರಂಜಿಯನ್ನು ನೋಡಿರುತ್ತಿದ್ದ. ಇಷ್ಟು ದೊಡ್ಡ ಪುಕ್ಕಟೆ ಜಾಹೀರಾತು ಇನ್ನಾವ ಉದ್ಯಾನಕ್ಕೂ ಸಿಕ್ಕಿರಲಾರದು. ಅದರಿಂದಲೇ ಒಂದು ಕೆಡುಕೂ ಆಯಿತು. ಜನ ಹೇಗಿದ್ದರೂ ಬರುತ್ತಾರೆ ಎಂಬ ಧೈರ್ಯ ಒಡೆಯರಿಗೆ ಬಂತು. ದಸರಾ ರಜೆ, ಬೇಸಿಗೆ ರಜೆ, ಶಾಲಾ ಪ್ರವಾಸ, ಹೊಸದಾಗಿ ಮದುವೆಯಾದವರು ಹೀಗೆ ವರ್ಷಕ್ಕೆ ಲಕ್ಷಾಂತರ ಜನ ಟಿಕೆಟ್ ಕೊಳ್ಳುತ್ತಲೇ ಇದ್ದರು. ಬರುವವರು ಕಡಿಮೆಯಾದರೆ ಖಾಸಗಿಯವನಿಗೆ ಎಚ್ಚರವಾಗುತ್ತದೆ. ಎಷ್ಟು ಹಾಳಾದರೂ ಬರುವವರು ಕಡಿಮೆಯಾಗದಿದ್ದರೆ ಯಾರಿಗೆ ಎಚ್ಚರವಾಗಬೇಕು?

2005ರಲ್ಲಿ ಸುಮಾರು 5 ಕೋಟಿ ರೂಪಾಯಿಯಲ್ಲಿ ಒಂದು ದೊಡ್ಡ ದುರಸ್ತಿ ಆಯಿತು. ಕೆಟ್ಟು ನಿಂತ ಕಾರಂಜಿಗಳನ್ನು ಸರಿಪಡಿಸಿ, ಸಂಗೀತ ಕಾರಂಜಿಗೆ ಡಿಜಿಟಲ್ ವ್ಯವಸ್ಥೆ ಅಳವಡಿಸಿದರು. ಆ ಕೆಲಸದಲ್ಲಿ ಕೆಟ್ಟು ನಿಂತ ಕಾರಂಜಿಗಳ ದುರಸ್ತಿಯೂ ಸೇರಿತ್ತೆಂಬುದೇ ಅದಕ್ಕೆ ಮೊದಲಿನ ಕಥೆಯನ್ನು ಹೇಳುತ್ತದೆ. ಈ 5 ಕೋಟಿಯನ್ನು ಇಂದಿನ 2,663 ಕೋಟಿಯ ಪಕ್ಕ ಇಟ್ಟು ನೋಡಿ. ಐನೂರು ಪಟ್ಟಿಗಿಂತ ಹೆಚ್ಚು. ಇಪ್ಪತ್ತು ವರ್ಷದ ಬೆಲೆಯೇರಿಕೆಯನ್ನು ಧಾರಾಳವಾಗಿ ಲೆಕ್ಕ ಹಾಕಿ, ಅಂದಿನ 5 ಕೋಟಿಯ ಕೆಲಸಕ್ಕೆ ಈಗ 50 ಕೋಟಿ ಬೇಕೆಂದೇ ಇಟ್ಟುಕೊಳ್ಳೋಣ. ಆಗಲೂ ಈ ಮೊತ್ತದಲ್ಲಿ ಅಂಥ ದೊಡ್ಡ ದುರಸ್ತಿಯನ್ನು ಐವತ್ತಕ್ಕೂ ಹೆಚ್ಚು ವರ್ಷ ಪ್ರತಿ ವರ್ಷವೂ ಮಾಡಬಹುದು. ವರ್ಷಕ್ಕೊಮ್ಮೆ ಬೇಡ, ಐದು ವರ್ಷಕ್ಕೊಮ್ಮೆ ನಿಯತ್ತಾಗಿ ಮಾಡಿದ್ದರೆ ಹಳತಾಗಿದೆ ಎಂಬ ದೂರೇ ಬರುತ್ತಿರಲಿಲ್ಲ.

ಉಸ್ತುವಾರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. 2021ರ ಜುಲೈನಲ್ಲಿ ಮಳೆಗೆ ಅಣೆಕಟ್ಟೆಯ ಬಳಿಯ ಕಲ್ಲಿನ ಗೋಡೆಯ ಒಂದು ಭಾಗ ಕುಸಿಯಿತು. ಕಟ್ಟೆಗೆ ಅಪಾಯವಿಲ್ಲವೆಂದು ಅಧಿಕಾರಿಗಳು ಹೇಳಿದರು, ಅದು ನಿಜವೇ ಇರಬಹುದು. ಆದರೆ ಕಟ್ಟೆ ಬಿರುಕು ಬಿಟ್ಟಿದೆಯೋ ಇಲ್ಲವೋ ಎಂದು ರಾಜಕಾರಣಿಗಳು ಕಚ್ಚಾಡುತ್ತಿದ್ದ ದಿನಗಳಲ್ಲೇ ಅದು ಕುಸಿದದ್ದು. ಮರುವರ್ಷ, 2022ರ ನವೆಂಬರಿನಲ್ಲಿ, ಉದ್ಯಾನದಲ್ಲಿ ಚಿರತೆ ಕಾಣಿಸಿಕೊಂಡು ಪ್ರವಾಸಿಗರ ಪ್ರವೇಶವನ್ನೇ ದಿನಗಟ್ಟಲೆ ನಿಲ್ಲಿಸಬೇಕಾಯಿತು. ಕಾಡು ಕಡಿಮೆಯಾಗಿ ಚಿರತೆಗಳು ಊರಿಗೆ ಬರುವುದು ಮೈಸೂರು ಸೀಮೆಯಲ್ಲಿ ಹೊಸದೇನಲ್ಲ, ಅದನ್ನು ಪೂರ್ತಿ ಉದ್ಯಾನದ ತಲೆಗೆ ಕಟ್ಟಲಾಗದು. ಆದರೂ ಪ್ರಾಣಿಗೆ ಅಡಗಲು ಪೊದೆ ಬೇಕು. ಆ ಪೊದೆಯನ್ನು ಯಾವ ಇಲಾಖೆ ಸವರಬೇಕು ಎಂಬ ಪ್ರಶ್ನೆಗೆ ನಾವು ಮತ್ತೆ ಮರಳುತ್ತೇವೆ.

ಪೊದೆ ಸವರಲು ಹಣ ಹುಟ್ಟದ ಜಾಗದಲ್ಲಿ ಘೋಷಣೆಗಳು ಮಾತ್ರ ಹುಲುಸಾಗಿ ಬೆಳೆದಿವೆ. 2018ರಲ್ಲಿ ಆಗಿನ ಜಲಸಂಪನ್ಮೂಲ ಸಚಿವರಾಗಿದ್ದ ಡಿ.ಕೆ. ಶಿವಕುಮಾರ್ ಇಲ್ಲಿ 125 ಅಡಿ ಎತ್ತರದ ಕಾವೇರಿ ಮಾತೆಯ ಪ್ರತಿಮೆ, ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು ಎಂದರು. ಆ ಸರ್ಕಾರ 2019ರಲ್ಲಿ ಬಿತ್ತು. ನಂತರ ಬಂದವರೂ ಹೋದರು. 2023ರಲ್ಲಿ ಅವರೇ ಅದೇ ಖಾತೆಗೆ ಮರಳಿದಾಗ ಯೋಜನೆಯೂ ಮರಳಿತು, ಈ ಸಲ ಸಂಪುಟದ ಮುದ್ರೆಯೊಂದಿಗೆ. ಒಬ್ಬ ಸಚಿವರನ್ನು ಬೆಟ್ಟು ಮಾಡುವುದು ಇಲ್ಲಿ ಉದ್ದೇಶವಲ್ಲ. ಹೊಸ ಪ್ರತಿಮೆಗೆ ಶಂಕುಸ್ಥಾಪನೆ ಇದೆ, ಕಲ್ಲಿನ ಮೇಲೆ ಹೆಸರಿದೆ, ಪತ್ರಿಕೆಯಲ್ಲಿ ಫೋಟೋ ಇದೆ. ತುಕ್ಕು ಹಿಡಿದ ಪೈಪು ಬದಲಿಸಿದವನ ಹೆಸರನ್ನು ಯಾವ ಕಲ್ಲಿನಲ್ಲೂ ಕೆತ್ತುವುದಿಲ್ಲ. ನಮ್ಮ ಪ್ರಜಾಪ್ರಭುತ್ವ ಈ ಕಾಯಿಲೆಗೆ ಇನ್ನೂ ಮದ್ದು ಕಂಡುಹಿಡಿದಿಲ್ಲ.

ಡಿಸ್ನಿಲ್ಯಾಂಡ್ ಮಾದರಿ ಎಂಬ ಮಾತು ಪದೇ ಪದೇ ಬರುವುದರಿಂದ ಆ ಮಾದರಿ ಎಂದರೇನೆಂದು ನೋಡುವುದು ಒಳ್ಳೆಯದು. ಅಮೆರಿಕದ ಹೊರಗೆ, ಸರ್ಕಾರದ ಸಹಭಾಗಿತ್ವದಲ್ಲಿ ನಡೆದ ಪ್ರಯೋಗವೆಂದರೆ ಪ್ಯಾರಿಸ್ಸಿನ ಡಿಸ್ನಿಲ್ಯಾಂಡ್. 1987ರಲ್ಲಿ ಫ್ರೆಂಚ್ ಸರ್ಕಾರದೊಂದಿಗೆ ಒಪ್ಪಂದವಾಯಿತು. ಸರ್ಕಾರ ಜಾಗ, ರೈಲು, ರಸ್ತೆಗೆ ನೆರವಾಯಿತು. ಡಿಸ್ನಿ ಕಂಪನಿ ಇಟ್ಟುಕೊಂಡ ಪಾಲು 49 ಶೇಕಡ. ಉಳಿದದ್ದನ್ನು ಸಾರ್ವಜನಿಕರಿಗೆ ಷೇರಾಗಿ ಮಾರಿದರು. ಖರ್ಚಿನ ಬಹುಭಾಗ ಬ್ಯಾಂಕುಗಳ ಸಾಲ. 1992ರ ಏಪ್ರಿಲ್ 12ರಂದು ಬಾಗಿಲು ತೆರೆಯಿತು. ಎರಡೇ ವರ್ಷದಲ್ಲಿ ದಿವಾಳಿಯ ಅಂಚಿಗೆ ಬಂತು. ಜನ ಬರಲಿಲ್ಲವೆಂದಲ್ಲ. ಬಂದವರ ಹಣವೆಲ್ಲ ಬಡ್ಡಿಗೆ ಹೋಗುತ್ತಿತ್ತು. ಅದರ ಮೇಲೆ ಮೂಲ ಕಂಪನಿಗೆ ಹೆಸರು ಬಳಸಿದ್ದಕ್ಕೆ ರಾಯಲ್ಟಿ, ನಡೆಸಿಕೊಟ್ಟದ್ದಕ್ಕೆ ಶುಲ್ಕ. 1994ರಲ್ಲಿ ಸೌದಿಯ ರಾಜಕುಮಾರ ಅಲ್‌ವಲೀದ್ ಬಿನ್ ತಲಾಲ್ ಹಣ ಹೂಡಿ ದೊಡ್ಡ ಪಾಲುದಾರನಾದದ್ದು, ಬ್ಯಾಂಕುಗಳು ಸಾಲದ ಕರಾರು ಬದಲಿಸಿದ್ದು, ಡಿಸ್ನಿ ಕೆಲವು ವರ್ಷ ತನ್ನ ರಾಯಲ್ಟಿ ಬಿಟ್ಟುಕೊಟ್ಟದ್ದು, ಇವೆಲ್ಲ ಸೇರಿ ಅದು ಉಳಿಯಿತು. 2002ರಲ್ಲಿ ಪಕ್ಕದಲ್ಲಿ ಎರಡನೇ ಪಾರ್ಕು ತೆರೆದರು. ಅದು ಎಷ್ಟು ಬಡಕಲಾಗಿತ್ತೆಂದರೆ ಡಿಸ್ನಿಯ ಅಭಿಮಾನಿಗಳೇ ಮೂಗು ಮುರಿದರು. ಆಮೇಲೆ 2005ರ ಸುಮಾರಿಗೆ ಮತ್ತೊಮ್ಮೆ ಸಾಲದ ಮರುಹೊಂದಾಣಿಕೆ, 2012ರಲ್ಲಿ ಬ್ಯಾಂಕಿನ ಸಾಲವನ್ನು ಡಿಸ್ನಿಯೇ ತನ್ನ ಮೇಲೆ ಹಾಕಿಕೊಂಡದ್ದು, 2014ರಲ್ಲಿ ನೂರು ಕೋಟಿ ಯೂರೋದ ರಕ್ಷಣಾ ಯೋಜನೆ. ಕೊನೆಗೆ 2017ರಲ್ಲಿ ಡಿಸ್ನಿ ಷೇರುಗಳನ್ನೆಲ್ಲ ಕೊಂಡು ತಾನೇ ಪೂರ್ತಿ ಒಡೆಯನಾಯಿತು. ಮರುವರ್ಷವೇ ಇನ್ನೂರು ಕೋಟಿ ಯೂರೋ ಹೊಸ ಹೂಡಿಕೆ ಪ್ರಕಟಿಸಿತು.

ಇಲ್ಲಿ ಗಮನಿಸಬೇಕಾದದ್ದು ಎರಡು. ಬಡ್ಡಿ ಒಂದು ಸಂಸ್ಥೆಯ ರಕ್ತ ಹೀರುವ ಬಗೆಯನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಸಾಲದ ಮೇಲೆ ನಿಂತ ಪಾರ್ಕು ಮೊದಲು ಸಾಲಗಾರನಿಗೆ ದುಡಿಯುತ್ತದೆ, ಆಮೇಲೆ ಮೂಲ ಕಂಪನಿಗೆ, ಏನಾದರೂ ಉಳಿದರೆ ತನ್ನ ಗೋಡೆಗೆ ಸುಣ್ಣ ಹೊಡೆಯುತ್ತದೆ. ಇನ್ನೊಂದು, ಒಡೆತನ ಚೂರು ಚೂರಾಗಿ ಹಂಚಿಹೋಗಿದ್ದಾಗ ಡಿಸ್ನಿಯಂಥ ಕಂಪನಿಯೂ ಕೈಬಿಚ್ಚಿ ಖರ್ಚು ಮಾಡಲಿಲ್ಲ, ಎಲ್ಲವೂ ತನ್ನದಾದ ಮೇಲೆ ಬಿಚ್ಚಿತು. ಬೃಂದಾವನದಲ್ಲಿ ನಾವು ಮಾಡಹೊರಟಿರುವುದು ಇದರ ತಿರುಗುಮುರುಗು. ಈಗಾಗಲೇ ನಾಲ್ಕೈದು ಇಲಾಖೆಗಳಿಗೆ ಹಂಚಿಹೋದ ಒಡೆತನಕ್ಕೆ ಒಬ್ಬ ಖಾಸಗಿ ಪಾಲುದಾರನನ್ನೂ ಸೇರಿಸುವುದು.

ಹಾಗೆಂದು ಖಾಸಗಿಯವರೆಲ್ಲ ಹಾಳುಗೆಡವುವವರು, ಸರ್ಕಾರವೇ ಪರಮ ಎಂದು ವಾದಿಸುವ ಅಭ್ಯಾಸ ನನಗಿಲ್ಲ. ಬೆಂಗಳೂರು-ಮೈಸೂರು ದಾರಿಯಲ್ಲೇ ಬಿಡದಿಯ ಬಳಿ 2005ರಲ್ಲಿ ಶುರುವಾದ ವಂಡರ್‌ಲಾ ಇದೆ. ಬೃಂದಾವನಕ್ಕೆ 5 ಕೋಟಿ ಖರ್ಚಾದ ವರ್ಷವೂ ಅದೇ. ತೊಟ್ಟಿಲು ತಿರುಗುವ ಜಾಗದಲ್ಲಿ ಒಂದು ಬೋಲ್ಟು ಸಡಿಲವಾದರೆ ಜೀವ ಹೋಗುತ್ತದೆ, ಆದ್ದರಿಂದ ದಿನವೂ ನೋಡಬೇಕು. ಕಂಪನಿಯ ಲೆಕ್ಕಪತ್ರದಲ್ಲಿ ಯಂತ್ರದ ಸವಕಳಿಗೆಂದೇ ಒಂದು ಸಾಲು ಇರುತ್ತದೆ. ಯಂತ್ರ ಇಷ್ಟು ಸವೆಯಿತು, ಇಂತಿಷ್ಟು ತೆಗೆದಿಡಿ ಎಂದು ಆ ಸಾಲು ಪ್ರತಿವರ್ಷ ಎಚ್ಚರಿಸುತ್ತದೆ. ನಮ್ಮ ಸರ್ಕಾರಿ ಇಲಾಖೆಗಳದು ನಗದು ಲೆಕ್ಕ. ಈ ವರ್ಷ ಬಂದದ್ದು, ಈ ವರ್ಷ ಹೋದದ್ದು, ಅಷ್ಟೆ. ಕಾರಂಜಿ ಸವೆದದ್ದು ಅಲ್ಲಿ ಯಾವ ಕಾಲಮ್ಮಿನಲ್ಲೂ ಕಾಣುವುದಿಲ್ಲ. ಇನ್ನೊಂದು ಕಡೆ ಮುಂಬೈಯ ಗೊರಾಯಿಯಲ್ಲಿ 1989ರಲ್ಲಿ ಶುರುವಾದ ಎಸ್ಸೆಲ್‌ವರ್ಲ್ಡ್ ಕೂಡ ಖಾಸಗಿಯೇ. ನಮ್ಮ ಕರಾವಳಿಯಿಂದ ಮುಂಬೈಗೆ ಹೋಗಿ ಹೋಟೆಲ್ಲುಗಳಲ್ಲಿ ದುಡಿದವರ ಮಕ್ಕಳಿಗೆ ರಜೆಯ ದಿನದ ಕನಸಾಗಿದ್ದ ಆ ಪಾರ್ಕು 2022ರಲ್ಲಿ ಬಾಗಿಲು ಹಾಕಿತು. ಒಡೆತನದ ಸಮೂಹ ಬೇರೆಲ್ಲೋ ಮಾಡಿಕೊಂಡ ಸಾಲದಲ್ಲಿ ಸಿಲುಕಿತ್ತು. ಹಳೆಯ ಪಾರ್ಕಿಗಿಂತ ಅದು ನಿಂತ ನೆಲಕ್ಕೇ ಬೆಲೆ ಹೆಚ್ಚಾಗಿತ್ತು. ಒಡೆಯ ಖಾಸಗಿಯೋ ಸರ್ಕಾರವೋ ಎಂಬುದಕ್ಕಿಂತ, ಅಲ್ಲಿ ದುಡಿದ ಹಣ ಎಲ್ಲಿಗೆ ಹೋಗುತ್ತದೆಂಬುದೇ ಮುಖ್ಯ ಎಂದು ಈ ಉದಾಹರಣೆಗಳು ತೋರಿಸುತ್ತವೆ.

ಈಗ 2,663 ಕೋಟಿಗೆ ಮರಳೋಣ. ಈ ಮೊತ್ತವನ್ನು ಕೇಳಿದವರಿಗೆ ಸರ್ಕಾರ ಕೊನೆಗೂ ಉದ್ಯಾನಕ್ಕೆ ಕೈಬಿಚ್ಚಿತು ಅನ್ನಿಸುತ್ತದೆ. ಪಿಪಿಪಿ ಎಂದರೆ ಹಾಗಲ್ಲ. ಅಲ್ಲಿ ಹೂಡಿಕೆ ಖಾಸಗಿ ಪಾಲುದಾರನದು. ಅವನು ಹೂಡುವುದು ಧರ್ಮಕ್ಕಲ್ಲ, ಲಾಭ ಸೇರಿಸಿ ವಾಪಸು ಪಡೆಯಲು. ವಾಪಸು ಬರುವುದು ಎಲ್ಲಿಂದ? ಟಿಕೆಟ್ಟಿನಿಂದ, ಪಾರ್ಕಿಂಗ್‌ನಿಂದ, ಅಂಗಡಿಯಿಂದ. ಅಂದರೆ ಒಡೆಯನಾದ ಸರ್ಕಾರ ಇಲ್ಲಿ ಖರ್ಚು ಮಾಡುತ್ತಿಲ್ಲ, ತನ್ನ ಕೈಯಲ್ಲಿರುವುದನ್ನು ದೀರ್ಘಕಾಲಕ್ಕೆ ಬಿಟ್ಟುಕೊಡುತ್ತಿದೆ. ಅದನ್ನೇ ಹೂಡಿಕೆ ಎಂದು ಕರೆಯುವುದು ಭಾಷೆಗೆ ಮಾಡುವ ಮೋಸ. ದಶಕಗಳ ಕಾಲ ದುರಸ್ತಿ ಮಾಡದೆ ಇಟ್ಟು, ಹಾಳಾಗಿದೆ ಎಂದು ತೋರಿಸಿ, ನಮ್ಮಿಂದ ಆಗದು ಎಂದು ಕೈಯೊರಸಿಕೊಂಡು ಖಾಸಗಿಯವರತ್ತ ತಿರುಗುವುದು ನಮ್ಮಲ್ಲಿ ಎಷ್ಟು ಸಾರ್ವಜನಿಕ ಸಂಸ್ಥೆಗಳಿಗೆ ಆಗಿಲ್ಲ? ಬೃಂದಾವನದ ಓರಗೆಯ ಮೈಷುಗರ್ ಕಾರ್ಖಾನೆ ವರ್ಷಗಟ್ಟಲೆ ನಿಂತಿದ್ದಾಗ ಮಂಡ್ಯದ ಜನ ಇದೇ ಮಾತು ಕೇಳಿದರು. ಅವರು ಬಿಡದೆ ಹೋರಾಡಿದ್ದರಿಂದ ಅದು 2022ರಲ್ಲಿ ಸರ್ಕಾರದ ಕೈಯಲ್ಲೇ ಮತ್ತೆ ಕಬ್ಬು ಅರೆಯಿತು.

ಬೃಂದಾವನಕ್ಕೆ ಬರುವವರನ್ನು ಒಂದು ಭಾನುವಾರ ಸಂಜೆ ನಿಂತು ನೋಡಬೇಕು. ಸರ್ಕಾರಿ ಬಸ್ಸಿನಿಂದ ಇಳಿಯುವ ಹಳ್ಳಿಯ ಸಂಸಾರಗಳು, ಬುತ್ತಿ ಕಟ್ಟಿಕೊಂಡು ಬಂದವರು, ಸಮವಸ್ತ್ರದಲ್ಲೇ ಬಂದ ಸರ್ಕಾರಿ ಶಾಲೆಯ ಮಕ್ಕಳು, ಈದ್ ಮರುದಿನ ಮೈಸೂರಿನ ಮೊಹಲ್ಲಾಗಳಿಂದ ಆಟೋಗಳಲ್ಲಿ ತುಂಬಿಕೊಂಡು ಬರುವ ನಮ್ಮ ಕುಟುಂಬಗಳು. ಬುರ್ಖಾ ಹಾಕಿದ ತಾಯಂದಿರು ಹುಲ್ಲಿನ ಮೇಲೆ ಚಾದರ ಹಾಸಿ ಕುಳಿತಿರುವಾಗ ಪಕ್ಕದಲ್ಲೇ ಇನ್ನೊಂದು ಜಾತಿಯ, ಇನ್ನೊಂದು ಭಾಷೆಯ ಸಂಸಾರ ಚಿತ್ರಾನ್ನದ ಡಬ್ಬಿ ಬಿಚ್ಚುತ್ತದೆ. ಕಾರಂಜಿ ಕುಣಿಯಲು ಶುರುವಾದಾಗ ಎಲ್ಲರೂ ಒಟ್ಟಿಗೆ ಅದೇ ಕಡೆ ನೋಡುತ್ತಾರೆ. ಊರುಗಳಲ್ಲಿ ಹಿಂದೂ ಬೀದಿ ಮುಸ್ಲಿಂ ಬೀದಿ ಎಂದು ಬೇರೆ ಬೇರೆಯಾಗಿ, ಹೋಟೆಲ್ಲಿನಿಂದ ಹಿಡಿದು ಜಾತ್ರೆಯ ಅಂಗಡಿಯವರೆಗೆ ಯಾರದು ಎಂದು ವಿಚಾರಿಸುವ ಈ ದಿನಗಳಲ್ಲಿ, ಕಡಿಮೆ ದುಡ್ಡಿನಲ್ಲಿ ಎಲ್ಲರೂ ಮೈಮರೆತು ಕೂಡುವ ಜಾಗಗಳು ಎಷ್ಟು ಉಳಿದಿವೆ? ಕೋಟಿಗಳ ಹೂಡಿಕೆ ಬಂದ ಮೇಲೆ ಟಿಕೆಟ್ಟಿನ ದರ ಇವರನ್ನೆಲ್ಲ ಒಳಗೆ ಬಿಟ್ಟೀತೆ? ಮನರಂಜನಾ ಪಾರ್ಕುಗಳ ಟಿಕೆಟ್ಟು ಒಬ್ಬರಿಗೇ ಕೂಲಿಕಾರನ ಒಂದು ದಿನದ ದುಡಿಮೆಗಿಂತ ಹೆಚ್ಚು. ಐದು ಜನರ ಸಂಸಾರಕ್ಕೆ ವಾರದ ದುಡಿಮೆ.

ವಕ್ಫ್‌ನ ಧರ್ಮಶಾಸ್ತ್ರದಲ್ಲಿ ಒಂದು ನಿಯಮ ಇದೆ. ಒಬ್ಬ ತನ್ನ ಆಸ್ತಿಯನ್ನು ವಕ್ಫ್ ಮಾಡಿ ಅದರ ಆದಾಯವನ್ನು ಬಡವರಿಗೋ ಮದ್ರಸಾಕ್ಕೋ ಬಿಟ್ಟ ಎಂದಿಟ್ಟುಕೊಳ್ಳಿ. ಆದಾಯದ ಮೊದಲ ಹಕ್ಕು ಬಡವರಿಗೂ ಅಲ್ಲ, ಮದ್ರಸಾಕ್ಕೂ ಅಲ್ಲ, ಆ ಆಸ್ತಿಯ ದುರಸ್ತಿಗೆ. ವಕ್ಫ್ ಮಾಡಿದವನು ಹಾಗೆಂದು ಬರೆದಿಡದಿದ್ದರೂ ಅದೇ ನಿಯಮ. ಮಾಡು ಸೋರುತ್ತಿರುವಾಗ ಬಾಡಿಗೆಯ ಹಣವನ್ನು ಹಂಚುವ ಅಧಿಕಾರ ಮುತವಲ್ಲಿಗೆ ಇಲ್ಲ. ಹಿಂದಿನ ಫಕೀಹರು ಇದನ್ನು ಹೇಳಿದ್ದು ಭಕ್ತಿಯಿಂದಲ್ಲ, ವ್ಯವಹಾರ ಜ್ಞಾನದಿಂದ. ಆಸ್ತಿಯೇ ಬಿದ್ದುಹೋದರೆ ಮುಂದಿನ ತಲೆಮಾರಿನ ಬಡವನಿಗೆ ಏನು ಸಿಗುತ್ತದೆ? ಮಿರ್ಜಾ ಇಸ್ಮಾಯಿಲ್ ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಬೃಂದಾವನದಂಥ ಸಾರ್ವಜನಿಕ ಆಸ್ತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕದ ಪಾಠ ನನಗೆ ಕಾಣುವುದಿಲ್ಲ. ಟಿಕೆಟ್ಟಿನ ಮೊದಲ ರೂಪಾಯಿ ಕಾರಂಜಿಯ ಪೈಪಿಗೆ, ಶೌಚಾಲಯದ ನೀರಿಗೆ, ಮಾಲಿಯ ಸಂಬಳಕ್ಕೆ. ಆಮೇಲೆ ಬೇಕಾದರೆ ಬೊಕ್ಕಸಕ್ಕೆ. (ನಮ್ಮ ರಾಜ್ಯದ ಎಷ್ಟೋ ವಕ್ಫ್ ಆಸ್ತಿಗಳಲ್ಲೇ ಈ ನಿಯಮ ನಡೆಯುತ್ತಿಲ್ಲ, ಮಾಡು ಬಿದ್ದ ಮಸೀದಿಯ ಮುಂದೆ ಹೊಸ ಮಳಿಗೆಗಳ ಸಾಲು ಏಳುತ್ತಿರುತ್ತದೆ ಎಂದು ಓದುಗರು ನನಗೆ ತಿರುಗಿ ಹೇಳಬಹುದು. ಹೇಳಲಿ. ಅದರ ಬಗ್ಗೆ ಬೇರೆಯೇ ಲೇಖನ ಬೇಕು.)

ಇನ್ನು ರೈತರ ಆಕ್ಷೇಪ. ಅದನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವವರಿದ್ದಾರೆ. ಕಟ್ಟೆಯ ಸುತ್ತ ಕಲ್ಲು ಗಣಿಗಾರಿಕೆಯ ಸಿಡಿತದ ವಿರುದ್ಧ ಇದೇ ಜನ ವರ್ಷಗಟ್ಟಲೆ ಹೋರಾಡಿದರು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಆಗ ಅವರ ಭಯ ಸುಳ್ಳೆಂದು ಯಾರೂ ಹೇಳಲಿಲ್ಲ. ಭದ್ರತೆಯ ಕಾರಣಕ್ಕೆ ಕಟ್ಟೆಯ ಮೇಲೆ ಸಾರ್ವಜನಿಕರು ನಡೆಯುವುದನ್ನೇ ನಿಲ್ಲಿಸಿದ ಸರ್ಕಾರ, ಅದೇ ಕಟ್ಟೆಯ ಕೆಳಗೆ ಇನ್ನೂ ಹೆಚ್ಚು ಜನರನ್ನು, ವಾಹನಗಳನ್ನು, ಯಂತ್ರಗಳನ್ನು ತರುತ್ತೇನೆನ್ನುವುದು ಅವರಿಗೆ ಅರ್ಥವಾಗುತ್ತಿಲ್ಲ. ನನಗೂ ಅರ್ಥವಾಗಿಲ್ಲ. ತೊಂಬತ್ತು ವರ್ಷ ದಾಟಿದ ಸುರ್ಕಿ ಗಾರೆಯ ಕಟ್ಟೆ ಅದು. ಅದರ ತುಂಬು ಮಟ್ಟ 124.80 ಅಡಿ. ತುಂಬಿ, ಹೊರಹರಿವು ಹೆಚ್ಚಾದ ದಿನಗಳಲ್ಲಿ ಉದ್ಯಾನದ ಎರಡು ಭಾಗಗಳ ನಡುವಿನ ದೋಣಿ ವಿಹಾರವನ್ನೇ ನಿಲ್ಲಿಸಬೇಕಾಗುತ್ತದೆ. ಮಿರ್ಜಾ ಅಲ್ಲಿ ಯಂತ್ರದ ಬದಲು ಹುಲ್ಲು ಬೆಳೆಸಿದ್ದು ಬರೀ ಸೌಂದರ್ಯಪ್ರಜ್ಞೆಯಿಂದ ಎಂದು ನಾವು ತಿಳಿದಿದ್ದೇವೆ. ಹುಲ್ಲಿಗೆ ಭಾರವಿಲ್ಲ, ನಡುಕವಿಲ್ಲ, ನೆರೆ ಬಂದರೆ ಮತ್ತೆ ಬೆಳೆಯುತ್ತದೆ.

ಯೋಜನೆ ಪೂರ್ತಿ ಕೈಬಿಡಬೇಕೇ, ಬೇರೆ ಕಡೆ ಪಾರ್ಕು ಮಾಡಿ ಉದ್ಯಾನವನ್ನು ಉದ್ಯಾನವಾಗಿಯೇ ಉಳಿಸಬೇಕೇ ಎಂಬುದನ್ನು ನ್ಯಾಯಾಲಯವೂ ಜನರೂ ತೀರ್ಮಾನಿಸಲಿ. ಬೇರೆ ಕಡೆ ಮಾಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಆದರೆ ಆ ತೀರ್ಮಾನಕ್ಕೆ ಕಾಯದೆ ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ, ಅವಕ್ಕೆ ಸಂಪುಟದ ಒಪ್ಪಿಗೆ ಬೇಕಿಲ್ಲ. ಉದ್ಯಾನಕ್ಕೆ ಒಂದೇ ಇಲಾಖೆಯನ್ನು, ಒಬ್ಬನೇ ಅಧಿಕಾರಿಯನ್ನು ಹೊಣೆ ಮಾಡಿ ಅವನ ಹೆಸರನ್ನು ಬಾಗಿಲಲ್ಲಿ ಹಾಕಲಿ. ಕಳೆದ ಹತ್ತು ವರ್ಷ ಟಿಕೆಟ್ಟಿನಿಂದ ಬಂದದ್ದೆಷ್ಟು, ಅದರಲ್ಲಿ ಉದ್ಯಾನಕ್ಕೆ ಮರಳಿದ್ದೆಷ್ಟು ಎಂಬ ಲೆಕ್ಕವನ್ನು ಟಿಕೆಟ್ ಕೌಂಟರಿನ ಪಕ್ಕದಲ್ಲೇ ಒಂದು ಫಲಕದಲ್ಲಿ ಬರೆಯಲಿ. ಎಷ್ಟು ಕಾರಂಜಿಗಳಿವೆ, ಎಷ್ಟು ನಡೆಯುತ್ತಿವೆ ಎಂದು ಎಣಿಸಲು ಒಂದು ದಿನ ಸಾಕು. ಪಿಪಿಪಿ ಒಪ್ಪಂದದ ಕರಡು ಇದ್ದರೆ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ಎಲ್ಲ ಪಂಚಾಯಿತಿಗಳಿಗೂ ಕಳಿಸಲಿ. ಸರ್ಕಾರಿ ಶಾಲೆಯ ಒಂದು ಮಗುವಿಗೆ ಮುಂದಿನ ಮೂವತ್ತು ವರ್ಷ ಟಿಕೆಟ್ ಎಷ್ಟು ಎಂಬುದು ಅದರ ಮೊದಲ ಪುಟದಲ್ಲೇ ಇರಲಿ.